ಬೀರು ಬೇಡ, ಪುಸ್ತಕ ಕೊಡಿ

ಸರ್ಕಾರಿ ಶಾಲೆಗಳ ಹಳೆ ವಿದ್ಯಾರ್ಥಿ ಸಂಘಗಳ ಪದಾಧಿಕಾರಿಗಳಿಗೆ ಮತ್ತು ಎಲ್ಲ ಸದಸ್ಯರಿಗೆ,



ಹೋದ ತಿಂಗಳು ನಮ್ಮ ಶಾಲೆಯ ಹಳೆ ಮಕ್ಕಳು ನಾಲ್ಕು ಜನ ಮನೆಗೆ ಬಂದಿದ್ದರು. ಮಕ್ಕಳು ಅಂದೆ, ಅವರಲ್ಲಿ ಒಬ್ಬನಿಗೆ ತಲೆ ಪೂರ್ತಿ ಬೋಳಾಗಿದೆ, ಇನ್ನೊಬ್ಬಳಿಗೆ ಮದುವೆಗೆ ಬಂದ ಮಗಳಿದ್ದಾಳೆ. ಕಾಫಿ ಕುಡಿದು, ನನ್ನ ಮಂಡಿನೋವಿನ ಯೋಗಕ್ಷೇಮ ವಿಚಾರಿಸಿ, ಆಮೇಲೆ ವಿಷಯಕ್ಕೆ ಬಂದರು. "ಮಿಸ್, ಶಾಲೆಗೆ ಪುಸ್ತಕ ಕೊಡೋಣ ಅಂತ ಸಂಘದಲ್ಲಿ ತೀರ್ಮಾನ ಆಗಿದೆ. 50,000 ರೂಪಾಯಿ ಸೇರಿದೆ. ಪಟ್ಟಿ ರೆಡಿ ಇದೆ. ನೀವೊಂದು ಸಲ ಕಣ್ಣಾಡಿಸಿದರೆ ಆರ್ಡರ್ ಹಾಕಿಬಿಡ್ತೀವಿ."

ಕಣ್ಣಾಡಿಸಿದೆ. ಮೊದಲ ಸಾಲಿನಲ್ಲೇ ಗಾಜಿನ ಬಾಗಿಲಿನ ಸ್ಟೀಲ್ ಬೀರು, 14,000. ಬಾಗಿಲ ಮೇಲೆ ದಾನಿಗಳ ಹೆಸರು ಬರೆಸಲು ಬೇರೆ 800. ಅದಾದ ಮೇಲೆ ಮಹಾಪುರುಷರ ಜೀವನ ಚರಿತ್ರೆ, ಒಂದು ದೊಡ್ಡ ಸೆಟ್ಟು. ಸಾಮಾನ್ಯ ಜ್ಞಾನ, ವ್ಯಕ್ತಿತ್ವ ವಿಕಸನ, ಇಂಗ್ಲಿಷ್ ವ್ಯಾಕರಣ. ನೀತಿಕಥೆಗಳು, ಐದು ಭಾಗ. ರಾಮಾಯಣ, ಮಹಾಭಾರತ ಹತ್ತತ್ತು ಪ್ರತಿ. ಒಂದರಿಂದ ಏಳನೇ ತರಗತಿಯವರೆಗೆ ಇರುವ ಶಾಲೆ ನಮ್ಮದು. ಒಂದನೇ ತರಗತಿಯ ಮಗು ಕೈಗೆತ್ತಿಕೊಳ್ಳಬಹುದಾದ ಒಂದೇ ಒಂದು ಪುಸ್ತಕ ಆ ಪಟ್ಟಿಯಲ್ಲಿರಲಿಲ್ಲ. ನಗಿಸುವ ಪುಸ್ತಕವಂತೂ ಯಾವ ತರಗತಿಗೂ ಇರಲಿಲ್ಲ.

ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಅಂತಾರೆ. ಮೂವತ್ತೊಂದು ವರ್ಷ ಹಾಜರಿ ಎಣಿಸಿದವಳು ನಾನು, ಹಲ್ಲನ್ನೂ ಎಣಿಸುತ್ತೇನೆ. ಆ ನಾಲ್ವರಿಗೆ ಅವತ್ತು ಹೇಳಬೇಕಾದ್ದನ್ನು ಹೇಳಿ ಕಳಿಸಿದೆ. ಆದರೆ ಇಂಥ ಸಂಘಗಳು ಈಗ ಊರೂರಿಗೂ ಹುಟ್ಟಿಕೊಂಡಿವೆ, ಪಟ್ಟಿಗಳೂ ಒಂದನ್ನು ನೋಡಿ ಇನ್ನೊಂದು ಬರೆದ ಹಾಗೇ ಇರುತ್ತವೆ. ಹಾಗಾಗಿ ಈ ಕಾಗದ ನಿಮ್ಮೆಲ್ಲರಿಗೂ.

ಮೊದಲು ಬೀರುವಿನ ವಿಚಾರ. ಇದರಲ್ಲಿ ತಪ್ಪೊಪ್ಪಿಗೆಯೂ ಇದೆ.

1997ರಲ್ಲಿ ನಮ್ಮ ಹೆಡ್ಮಾಸ್ಟರಿಗೆ ವರ್ಗವಾಯಿತು. ಹೊಸಬರಿಗೆ ಚಾರ್ಜ್ ಕೊಡುವಾಗ ಬೆಂಚಿನಿಂದ ಹಿಡಿದು ಗೋಡೆ ಗಡಿಯಾರದವರೆಗೆ ಎಲ್ಲವನ್ನೂ ಪಟ್ಟಿ ಹಿಡಿದು ತಾಳೆ ನೋಡಬೇಕು. ಲೈಬ್ರರಿ ನನ್ನ ವಶದಲ್ಲಿತ್ತು. ಸ್ಟಾಕ್ ರಿಜಿಸ್ಟರಿನಲ್ಲಿದ್ದ ಏಳು ಪುಸ್ತಕ ಕಾಣಲಿಲ್ಲ. ನನ್ನ ಕೈಯಿಂದ 86 ರೂಪಾಯಿ ಕಟ್ಟಿದೆ. ದುಡ್ಡು ದೊಡ್ಡದಲ್ಲ, ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರು "ಏಳು ಪುಸ್ತಕ ಎಲ್ಲಿ ಹೋಯ್ತಮ್ಮಾ" ಎಂದು ಕೇಳಿಸಿಕೊಂಡದ್ದು ದೊಡ್ಡದು. ಅವತ್ತು ಬೀರುವಿಗೆ ಬೀಗ ಹಾಕಿದೆ. ಕೀ ನನ್ನ ಸೆರಗಿನ ತುದಿಗೆ ಬಂತು. ಇನ್‌ಸ್ಪೆಕ್ಷನ್ನಿಗೆ ಬಂದವರು ಗಾಜಿನಾಚೆ ಸಾಲಾಗಿ ನಿಂತ ಪುಸ್ತಕ ನೋಡಿ "ಅಚ್ಚುಕಟ್ಟಾಗಿ ಇಟ್ಟಿದ್ದೀರಿ" ಎಂದು ಷರಾ ಬರೆದು ಹೋಗುತ್ತಿದ್ದರು. ಎಂಟು ವರ್ಷ ಹೀಗೇ ನಡೆಯಿತು. ಒಂದು ಮಳೆಗಾಲ ಬೀರುವಿನ ಕೆಳಗಿಂದ ಮಣ್ಣು ಉದುರುವುದು ಕಂಡು ತೆಗೆದರೆ, ಗೆದ್ದಲು ಕೆಳಗಿನ ಎರಡು ಖಾನೆ ಮುಗಿಸಿ ಮೂರನೆಯದಕ್ಕೆ ಬಂದಿತ್ತು. ಉಳಿದ ಪುಸ್ತಕಗಳ ಹಾಳೆ ಬಿಡಿಸಿದರೆ ಇನ್ನೂ ಅಚ್ಚಿನ ವಾಸನೆ. ಆ ಎಂಟು ವರ್ಷದಲ್ಲಿ ಒಂದನೇ ತರಗತಿಗೆ ಸೇರಿ ಏಳನೇ ತರಗತಿ ಮುಗಿಸಿ ಹೋದ ಒಂದಿಡೀ ತಂಡದ ಮಕ್ಕಳು ಆ ಪುಸ್ತಕಗಳನ್ನು ಗಾಜಿನ ಈಚೆಯಿಂದ ಮಾತ್ರ ನೋಡಿದ್ದರು. ನಿಮ್ಮಲ್ಲಿ ಕೆಲವರು ಆ ತಂಡದವರೇ ಇರಬಹುದು. ಕ್ಷಮೆ ಕೇಳುವುದಕ್ಕೆ ತಡವಾಯಿತು, ಆದರೂ ಕೇಳುತ್ತೇನೆ.

ಬೀರು ಕೊಟ್ಟರೆ ಅದರ ಜೊತೆಗೆ ಬೀಗವನ್ನೂ ಕೊಟ್ಟ ಹಾಗೆ. ಆ 14,000ಕ್ಕೂ ಪುಸ್ತಕವನ್ನೇ ತನ್ನಿ. ಇಡುವುದಕ್ಕೆ ಗೋಡೆಯಿಂದ ಗೋಡೆಗೆ ಎರಡು ನೈಲಾನ್ ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪು ಕೊಡಿ. ಮುಖಪುಟ ಕಾಣುವ ಹಾಗೆ, ಮಗುವಿನ ಕೈಗೆ ಎಟಕುವ ಎತ್ತರದಲ್ಲಿ ತೂಗುಹಾಕಲಿ. ಬೆನ್ನು ತೋರಿಸಿ ನಿಂತ ಪುಸ್ತಕವನ್ನು ಆರು ವರ್ಷದ ಮಗು ಗುರುತಿಸುವುದಾದರೂ ಹೇಗೆ?

ಇನ್ನು ಯಾವ ಪುಸ್ತಕ ಎಂಬ ಮಾತು. ನಾಲ್ವರಲ್ಲಿ ಒಬ್ಬ ತುಂಬ ಆಸೆಯಿಂದ ಹೇಳಿದ: "ಮಿಸ್, ನಾವು ಚಂದಮಾಮ ಓದಿಕೊಂಡು ಬೆಳೆದೋರು. ಆ ಥರದ್ದು ಸಿಕ್ಕಿದರೆ ಎಷ್ಟಾದರೂ ಹಾಕೋಣ." ಬೇತಾಳನನ್ನು ಹೆಗಲ ಮೇಲೆ ಹೊತ್ತು ಕತ್ತಿ ಹಿಡಿದು ನಡೆಯುವ ಆ ವಿಕ್ರಮನ ಚಿತ್ರ ನನಗೂ ಇನ್ನೂ ಕಣ್ಣಿಗೆ ಕಟ್ಟಿದೆ. ಆದರೆ ಅವನು ಹುಡುಕುತ್ತಿದ್ದದ್ದು ತನ್ನ ಹತ್ತನೇ ವಯಸ್ಸನ್ನು. ಶಾಲೆಯಲ್ಲಿ ಈಗ ಕೂತಿರುವ ಮಗುವಿಗೆ ಅದರಿಂದ ಏನಾಗಬೇಕು? ಚಂದಮಾಮ ನಮ್ಮನ್ನು ಹಿಡಿದದ್ದು ಅದು ಹಳೆಯದು ಎಂಬ ಕಾರಣಕ್ಕಲ್ಲ. ಪ್ರತಿ ತಿಂಗಳೂ ಹೊಸದಾಗಿ ಬರುತ್ತಿತ್ತು, ಬಣ್ಣವಿತ್ತು, ಮುಂದಿನ ಸಂಚಿಕೆಗೆ ಕಾಯಬೇಕಿತ್ತು. ಈಗಿನ ಮಗುವಿಗೂ ಅದೇ ಬೇಕು, ಹೊಸದು. ಪುಸ್ತಕ ಆರಿಸುವಾಗ ನಿಮ್ಮ ಬಾಲ್ಯವನ್ನು ಹೊರಗೆ ಚಪ್ಪಲಿ ಬಿಡುವ ಕಡೆ ಬಿಟ್ಟು ಒಳಗೆ ಬನ್ನಿ.

ವಯಸ್ಸಿಗೆ ತಕ್ಕ ಪುಸ್ತಕ ಎಂದು ಎಲ್ಲರೂ ಹೇಳುತ್ತೇವೆ. ಶಾಲೆಯಲ್ಲಿ ವಯಸ್ಸು ಒಂದು ಲೆಕ್ಕ, ಓದು ಇನ್ನೊಂದು ಲೆಕ್ಕ. ಒಂದನೇ ತರಗತಿಯನ್ನೇ ತೆಗೆದುಕೊಳ್ಳಿ. ನೀವು ಅ ಆ ಇ ಈ ಎಂದು ಸ್ಲೇಟಿನ ಮೇಲೆ ತಿದ್ದಿದವರು. ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳು ಶುರು ಮಾಡುವುದು ರ ಗ ಸ ದ ಅ ಎಂದು. ಬರೆಯಲು ಸುಲಭವಾದ, ಒಂದರ ಆಕಾರ ಇನ್ನೊಂದಕ್ಕೆ ಹತ್ತಿರವಿರುವ ಅಕ್ಷರ ಮೊದಲು. ಅದಾದ ಮೇಲೆ ಜ ವ ಮ ಬ ನ. ಅಂದರೆ ಶಾಲೆ ಶುರುವಾಗಿ ಎರಡು ಮೂರು ತಿಂಗಳಿಗೆ ಮಗು 'ಸರ', 'ಅರಸ', 'ಮರ', 'ಗಜ' ಓದುತ್ತದೆ; 'ಇಲಿ' ಓದುವುದಿಲ್ಲ. ಕಾಗುಣಿತ ಬರುವುದು ಆಮೇಲೆ, ಒತ್ತಕ್ಷರ ಬರುವುದು ಇನ್ನೂ ಆಮೇಲೆ. ಈ ಮಗುವಿನ ಕೈಗೆ 'ವಿದ್ಯಾರ್ಥಿಗಳಿಗೆ ಸ್ಫೂರ್ತಿದಾಯಕ ಪ್ರಸಂಗಗಳು' ಎಂಬ ಪುಸ್ತಕ ಕೊಟ್ಟರೆ ಅದು ಹೆಸರಿನಲ್ಲೇ ಮುಗ್ಗರಿಸಿ ಬೀಳುತ್ತದೆ. ಕನ್ನಡದ ಪದಗಳು ಪ್ರತ್ಯಯ ಹಚ್ಚಿಕೊಂಡು ಉದ್ದವಾಗುತ್ತಾ ಹೋಗುತ್ತವೆ. 'ಮನೆಯಲ್ಲಿದ್ದವರಿಗೆಲ್ಲ' ಎಂಬುದು ನಮಗೆ ಒಂದು ಪದ, ಆರು ವರ್ಷದವರಿಗೆ ಒಂದು ಗುಡ್ಡ. ಆದ್ದರಿಂದ ಅಂಗಡಿಯಲ್ಲಿ ಪುಸ್ತಕ ತೆರೆದು ನೋಡಿ: ಪುಟಕ್ಕೆ ಒಂದೋ ಎರಡೋ ಸಾಲು, ಅಕ್ಷರ ದಪ್ಪ, ಅಕ್ಷರದ ಹಿಂದೆ ಚಿತ್ರ ಬಂದು ಕಣ್ಣು ಗೊಂದಲಪಡದ ಹಾಗಿರಬೇಕು. ಒಂದೇ ಮಾತು ಪುಟಪುಟದಲ್ಲೂ ತಿರುಗಿ ಬರುತ್ತಿದ್ದರೆ ತುಂಬ ಒಳ್ಳೆಯದು. ನಮಗೆ ಬೇಸರ ತರಿಸುವ ಆ ಪುನರಾವರ್ತನೆಯೇ ಅವರಿಗೆ ಬಲ. ಮೂರನೇ ಪುಟಕ್ಕೆ ಬರುವಷ್ಟರಲ್ಲಿ "ಇದು ನನಗೆ ಗೊತ್ತು!" ಎಂದು ಕೂಗುತ್ತವೆ. ಗೊತ್ತಿದ್ದದ್ದು ಅರ್ಧ, ಊಹಿಸಿದ್ದು ಅರ್ಧ. ಇರಲಿ, ಓದು ಶುರುವಾಗುವುದೇ ಹೀಗೆ.

ಈ ವಿಚಾರದಲ್ಲಿ ಪ್ರಥಮ್ ಬುಕ್ಸ್‌ನವರು ನಮ್ಮ ಕೆಲಸ ಹಗುರ ಮಾಡಿದ್ದಾರೆ. 2004ರಲ್ಲಿ ಶುರುವಾದ, ಲಾಭಕ್ಕೆ ನಡೆಸದ ಸಂಸ್ಥೆ ಅದು, ಬೆಂಗಳೂರಿನದೇ. ಪುಸ್ತಕದ ಮೇಲೆ ಓದಿನ ಹಂತ ಹಾಕಿರುತ್ತಾರೆ, ಒಂದರಿಂದ ನಾಲ್ಕರವರೆಗೆ. ಮೊದಲನೆಯದು ಈಗಷ್ಟೇ ಅಕ್ಷರ ಕೂಡಿಸುತ್ತಿರುವವರಿಗೆ, ನಾಲ್ಕನೆಯದು ಯಾರ ಸಹಾಯವೂ ಇಲ್ಲದೆ ಸರಾಗವಾಗಿ ಓದುವವರಿಗೆ. ಈ ಹಂತ ಓದನ್ನು ಹೇಳುತ್ತದೆ, ವಯಸ್ಸನ್ನಲ್ಲ ಎಂಬುದೇ ನನಗೆ ಹಿಡಿಸಿದ್ದು. 2015ರಿಂದ ಅವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕಥೆಗಳನ್ನು ಕಾಸಿಲ್ಲದೆ ಓದಬಹುದು, ಮುದ್ರಿಸಿಕೊಳ್ಳಲೂಬಹುದು. ಅಂದರೆ ಕೊಳ್ಳುವ ಮುಂಚೆ ಮೊಬೈಲಿನಲ್ಲಿ ಪೂರ್ತಿ ಓದಿ ನೋಡುವ ಅವಕಾಶವಿದೆ. ಹತ್ತು ನಿಮಿಷಕ್ಕೆ ಮೂರು ಪುಸ್ತಕ ಮುಗಿಯುತ್ತವೆ. ಸಂಘದ ಮೀಟಿಂಗಿನಲ್ಲಿ ಅಷ್ಟು ಹೊತ್ತು ಬರೀ ಕಾಫಿಗೇ ಹೋಗುತ್ತದೆ. ವರ್ಷಕ್ಕೊಂದೇ ಸಲ ಕೂದಲು ಕತ್ತರಿಸಿಕೊಳ್ಳುವ ಶೃಂಗೇರಿ ಶ್ರೀನಿವಾಸನ ಕಥೆಗಳನ್ನು ಓದಿ ನೋಡಿ. ಬರೆದವರು ರೋಹಿಣಿ ನಿಲೇಕಣಿ. ಹಳ್ಳಿಯವನೊಬ್ಬ, ಅವನ ಉದ್ದ ಕೂದಲು, ಅವನ ಪೇಚು. ನಮ್ಮ ಎರಡನೇ ತರಗತಿಯವರು ಅವನನ್ನು ಊರಿನ ಒಬ್ಬ ಮಾವನ ಹಾಗೆ ಮಾತಾಡಿಕೊಳ್ಳುತ್ತಿದ್ದರು.

ಚೆನ್ನೈನ ತೂಲಿಕಾ ಪ್ರಕಾಶನ ಕನ್ನಡದಲ್ಲೂ ಚಿತ್ರಪುಸ್ತಕ ತರುತ್ತದೆ. ಅಶೋಕ್ ರಾಜಗೋಪಾಲನ್ ಬರೆದು ಚಿತ್ರಿಸಿದ 'ಗಜಪತಿ ಕುಲಪತಿ' ಅವರದೇ. ನೆಗಡಿ ಹಿಡಿದ ಆನೆಯ ಕಥೆ ಅದು. ಆನೆ ಸೀನುವ ಪುಟ ಬರುವ ಹೊತ್ತಿಗೆ ಇಡೀ ತರಗತಿ ಸೀನಲು ಮೂಗು ಸಿದ್ಧ ಮಾಡಿಕೊಂಡು ಕೂತಿರುತ್ತದೆ. ಒಮ್ಮೆ ಪಕ್ಕದ ಕೋಣೆಯಿಂದ ಮೇಷ್ಟ್ರು ಓಡಿಬಂದು ಏನಾಯ್ತು ಎಂದು ಕೇಳಿದ್ದರು. ಅದೇ ಪ್ರಕಾಶನದ ಇಂಗ್ಲಿಷ್-ಕನ್ನಡ ಎರಡೂ ಒಂದೇ ಪುಟದಲ್ಲಿರುವ ಪುಸ್ತಕಗಳೂ ಸಿಗುತ್ತವೆ. "ಇಂಗ್ಲಿಷ್ ಬೇಕೇ ಬೇಕು" ಎನ್ನುವ ತಂದೆತಾಯಿಗಳಿಗೆ ವ್ಯಾಕರಣದ ಪುಸ್ತಕಕ್ಕಿಂತ ಇದು ಒಳ್ಳೆಯ ಉತ್ತರ. ಮನೆಯಲ್ಲಿ ಉರ್ದು, ತೆಲುಗು, ಲಂಬಾಣಿ ಆಡುವ ಮಕ್ಕಳು ನಿಮ್ಮ ಶಾಲೆಯಲ್ಲಿ ಎಷ್ಟಿದ್ದಾರೆ ಎಂದೂ ಒಮ್ಮೆ ಕೇಳಿ. ಅವರ ಮನೆ, ಅವರ ಹಬ್ಬ, ಅವರ ಅಡುಗೆ ಯಾವ ಪುಸ್ತಕದಲ್ಲೂ ಕಾಣದಿದ್ದರೆ ಲೈಬ್ರರಿ ತಮ್ಮದಲ್ಲ ಎಂದು ಆ ಮಕ್ಕಳು ಬೇಗ ಅರ್ಥಮಾಡಿಕೊಳ್ಳುತ್ತಾರೆ. ಬಾಯಿಬಿಟ್ಟು ಹೇಳುವುದಿಲ್ಲ, ಬರುವುದನ್ನು ನಿಲ್ಲಿಸುತ್ತಾರೆ.

ಹಾಡುಗಳ ಮಾತು ಬೇರೆ. ಪಂಜೆಯವರ, ರಾಜರತ್ನಂ ಅವರ ಪದ್ಯಗಳು, ಕುವೆಂಪು ಅವರ ಕಿಂದರಿಜೋಗಿ, ಇವು ಹಳೆಯವಾದರೂ ಹಳತಾಗಿಲ್ಲ, ಯಾಕೆಂದರೆ ಅವು ಕಿವಿಗೆ ಬರೆದವು. ಒಂದೊಂದು ಪ್ರತಿ ಟೀಚರ ಕೈಗೆ ಕೊಟ್ಟರೆ ಸಾಕು, ಮಕ್ಕಳ ಬಾಯಿಗೆ ತಾವಾಗೇ ಹೋಗುತ್ತವೆ.

ಮೂರು ನಾಲ್ಕನೇ ತರಗತಿಗೆ ಬೇಕಾದದ್ದು ಹೇಳಿದರೆ ನಿಮಗೆ ಅಷ್ಟು ಸಂತೋಷವಾಗಲಿಕ್ಕಿಲ್ಲ: ಒಗಟು, ಜೋಕು, ದೆವ್ವ, ಹೂಸು. ಹೌದು, ಬರೆದೇಬಿಟ್ಟೆ. ಎಂಟು ವರ್ಷದ ಮಕ್ಕಳು ಯಾವುದಕ್ಕೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ ಎಂಬುದು ಒಂದು ದಿನ ಅವರ ನಡುವೆ ಕೂತರೆ ತಿಳಿಯುತ್ತದೆ. ಓದುವ ಅಭ್ಯಾಸ ಕೂಡುವುದು, ಕೈತಪ್ಪುವುದು ಎರಡೂ ಈ ವಯಸ್ಸಿನಲ್ಲೇ. ಆಗ ಗಂಭೀರ ಪುಸ್ತಕಗಳ ರಾಶಿ ಸುರಿದರೆ ಕೈತಪ್ಪಿತೆಂದೇ ಲೆಕ್ಕ.

ನೀತಿಕಥೆಯ ಐದು ಭಾಗದ ಬಗ್ಗೆ ಆ ನಾಲ್ವರ ಜೊತೆ ವಾದವೇ ನಡೆಯಿತು. "ಮಿಸ್, ಮಕ್ಕಳಿಗೆ ಸಂಸ್ಕಾರ ಬೇಡವೇ?" ಬೇಕು. ಆದರೆ ಕಥೆಯ ಕೊನೆಯಲ್ಲಿ 'ನೀತಿ' ಎಂದು ದಪ್ಪಕ್ಷರದಲ್ಲಿ ಹಾಕಿದ ಸಾಲನ್ನು ಮಕ್ಕಳು ಹೇಗೆ ಓದುತ್ತಾರೆ ಎಂದು ನಾನು ನೋಡಿದ್ದೇನೆ. ಓದುವುದೇ ಇಲ್ಲ. ಪರೀಕ್ಷೆಗೆ ಕೇಳುತ್ತಾರೆ ಎಂದರೆ ಆ ಸಾಲನ್ನು ಮಾತ್ರ ಓದಿ ಕಥೆಯನ್ನು ಬಿಡುತ್ತಾರೆ. ಅಂಗಡಿಯಲ್ಲಿ ನಾನು ಮಾಡುವ ಪರೀಕ್ಷೆ ಒಂದೇ: ಕೊನೆಯ ನಾಲ್ಕು ಸಾಲನ್ನು ಕೈಯಿಂದ ಮುಚ್ಚಿ ಉಳಿದದ್ದನ್ನು ಓದುತ್ತೇನೆ. ಅಷ್ಟಕ್ಕೇ ಕಥೆ ನಿಂತರೆ ಕೊಳ್ಳುತ್ತೇನೆ. ಕೈ ತೆಗೆದ ಮೇಲೇ ಅದಕ್ಕೆ ಜೀವ ಬರುವುದಾದರೆ ಅದು ಭಾಷಣ, ವೇಷ ಹಾಕಿಕೊಂಡು ಬಂದಿದೆ.

ಮಹಾಪುರುಷರ ಸೆಟ್ಟಿಗೂ ಇದೇ ಮಾತು. ಅಂಗೈಯಗಲದ ಭಾರತ-ಭಾರತಿ ಮಾಲೆಯ ಪುಸ್ತಕಗಳನ್ನು ನಮ್ಮ ಕಾಲದಲ್ಲಿ ಆಸೆಪಟ್ಟು ಓದಿದ್ದೇವೆ, ಇಲ್ಲ ಅನ್ನುವುದಿಲ್ಲ. ಚಿಕ್ಕದು, ಅಗ್ಗ, ಜೇಬಿನಲ್ಲಿ ಹಿಡಿಯುತ್ತಿತ್ತು. ಈಗ ಸಿಗುವ ಎಷ್ಟೋ ಸೆಟ್ಟುಗಳಲ್ಲಿ ಮಹಾಪುರುಷರು ಹುಟ್ಟುವಾಗಲೇ ಮಹಾಪುರುಷರು. ಸುಳ್ಳು ಹೇಳುವುದಿಲ್ಲ, ಬಿದ್ದು ಮಂಡಿ ತರಚಿಕೊಳ್ಳುವುದಿಲ್ಲ, ಲೆಕ್ಕದಲ್ಲಿ ತಪ್ಪುವುದಿಲ್ಲ. ಅವರ ಜೊತೆ ಆಡುವುದಕ್ಕೆ ಯಾವ ಮಗು ಹೋಗುತ್ತದೆ? ಬೊಳುವಾರು ಮಹಮದ್ ಕುಂಞಿ ಅವರು ಗಾಂಧಿಯನ್ನು ಮಕ್ಕಳಿಗೆ ಹೇಳಿದ ಪುಸ್ತಕದ ಹೆಸರಿನಲ್ಲೇ ಪಾಪು ಬಾಪುವಾದ ದಾರಿ ಇದೆ. ಸಾಹಿತ್ಯ ಅಕಾಡೆಮಿ 2010ರಲ್ಲಿ ಬಾಲ ಸಾಹಿತ್ಯ ಪುರಸ್ಕಾರ ಶುರು ಮಾಡಿದಾಗ ಕನ್ನಡಕ್ಕೆ ಮೊದಲು ಅದನ್ನು ತಂದದ್ದು ಆ ಪುಸ್ತಕ. ನೂರು ಜನರ ಸೆಟ್ಟಿನ ಬದಲು ಅಂಥದ್ದು ಮೂರು ಸಾಕು.

ಆ ಪುರಸ್ಕಾರದ ಪಟ್ಟಿ ಹೊಸ ಪುಸ್ತಕ ಹುಡುಕುವವರಿಗೆ ಒಂದು ಒಳ್ಳೆಯ ದಾರಿ. ಐದು, ಆರು, ಏಳನೇ ತರಗತಿಯವರಿಗೆ ಕನ್ನಡದಲ್ಲಿ ಹೊಸದೇನಿದೆ ಎಂದು ಕೇಳುವವರಿಗೆ ನಾನು ಇತ್ತೀಚಿನ ಐದು ವರ್ಷ ಎಣಿಸಿ ತೋರಿಸುತ್ತೇನೆ. 2021ರಲ್ಲಿ ಬಸು ಬೇವಿನಗಿಡದ ಅವರ ಕಾದಂಬರಿ 'ಓಡಿ ಹೋದ ಹುಡುಗ'. ಹೆಸರು ಕೇಳಿದ ಕೂಡಲೇ "ಎಲ್ಲಿಗೆ ಓಡಿಹೋದ?" ಎಂದು ಕೇಳದ ಮಗುವನ್ನು ನಾನು ಕಂಡಿಲ್ಲ. 2022ರಲ್ಲಿ ಉತ್ತರ ಕನ್ನಡದ ತಮ್ಮಣ್ಣ ಬೀಗಾರ ಅವರ 'ಬಾವಲಿ ಗುಹೆ'. ಬಾವಲಿಯೂ ಇದೆ, ಗುಹೆಯೂ ಇದೆ, ಹುಡುಗರಿಗೆ ಇನ್ನೇನು ಬೇಕು. 2023ರಲ್ಲಿ ವಿಜಯಶ್ರೀ ಹಾಲಾಡಿ ಅವರ 'ಸೂರಕ್ಕಿ ಗೇಟ್', ಮರುವರ್ಷ ಕೃಷ್ಣಮೂರ್ತಿ ಬಿಳಿಗೆರೆ ಅವರ 'ಛೂಮಂತ್ರಯ್ಯನ ಕಥೆಗಳು', 2025ರಲ್ಲಿ ಶಿವಲಿಂಗಪ್ಪ ಹಂದಿಹಾಳ್ ಅವರ 'ನೋಟ್ ಬುಕ್'. ಇವರೆಲ್ಲ ಈಗ, ನಮ್ಮ ಕಾಲದಲ್ಲಿ, ಈಗಿನ ಮಕ್ಕಳಿಗಾಗಿ ಕೂತು ಬರೆದವರು. ಒಂದು ಎಚ್ಚರಿಕೆ ಮಾತ್ರ: ಪ್ರಶಸ್ತಿ ಕೊಡುವ ಸಮಿತಿಯಲ್ಲಿ ಕೂರುವವರೆಲ್ಲ ದೊಡ್ಡವರು. ಅಲ್ಲಿ ಗೆದ್ದ ಪುಸ್ತಕ ನಿಮ್ಮೂರ ಆರನೇ ತರಗತಿಯಲ್ಲಿ ಸೋಲಬಹುದು. ಮೊದಲು ಒಂದೊಂದೇ ಪ್ರತಿ ತಂದು, ಅದಕ್ಕೆ ಜಗಳ ಬಿದ್ದರೆ ಇನ್ನೆರಡು ತನ್ನಿ.

ಇನ್ನು, ಯಾವ ಪಟ್ಟಿಯಲ್ಲೂ ಜಾಗ ಸಿಗದ ಒಬ್ಬ ಹುಡುಗನಿದ್ದಾನೆ. ಅವನ ವಿಚಾರ ಸ್ವಲ್ಪ ದೀರ್ಘವಾಗಿಯೇ ಹೇಳಬೇಕು.

ಅವನಿಗೆ ಹದಿಮೂರು ವರ್ಷ. ಏಳನೇ ತರಗತಿ. ಮೀಸೆ ಮೂಡುತ್ತಿದೆ, ಟ್ರ್ಯಾಕ್ಟರ್ ಓಡಿಸುತ್ತಾನೆ, ತೆಂಗಿನಮರ ಹತ್ತುತ್ತಾನೆ. ಓದು ಮಾತ್ರ ಎರಡನೇ ತರಗತಿಯಲ್ಲೇ ನಿಂತುಬಿಟ್ಟಿದೆ. ಒತ್ತಕ್ಷರ ಬಂದ ಕಡೆ ಕೆಮ್ಮುತ್ತಾನೆ. ಅವನ ವಯಸ್ಸಿನ ಪುಸ್ತಕ ಅವನಿಗೆ ಓದಲಾಗದು. ಓದಬಲ್ಲ ಪುಸ್ತಕದ ಮುಖಪುಟದಲ್ಲಿ ರಿಬ್ಬನ್ ಕಟ್ಟಿದ ಮೊಲ. ಅದನ್ನು ಹಿಡಿದು ಗೆಳೆಯರ ಎದುರು ಕೂರುವುದಕ್ಕಿಂತ ಅವನು ಶಾಲೆಯನ್ನೇ ಬಿಟ್ಟಾನು. ನಾನು ಇಂಥ ಒಬ್ಬನ ಕೈಗೆ ಮೊಲದ ಪುಸ್ತಕವನ್ನೇ ಕೊಟ್ಟಿದ್ದೆ, ಒಳ್ಳೆಯದಕ್ಕೇ ಎಂದುಕೊಂಡು. ಅವನು ಅದನ್ನು ಮೇಜಿನ ಮೇಲಿಟ್ಟು ಹೊರಗೆ ಹೋದ. ಮೂರು ದಿನ ಬರಲಿಲ್ಲ. ನಾಲ್ಕನೇ ದಿನ ಬಂದಾಗ ನನಗೆ ಒಂದು ಉಪಾಯ ಹೊಳೆಯಿತು. "ನೋಡಪ್ಪಾ, ನಾಳೆ ಒಂದನೇ ತರಗತಿ ಟೀಚರ್ ರಜ. ಆ ಚಿಳ್ಳೆಪಿಳ್ಳೆಗಳನ್ನ ಸುಮ್ಮನೆ ಕೂರಿಸೋದು ನನ್ನ ಕೈಲಾಗಲ್ಲ. ನೀನು ಹೋಗಿ ಕಥೆ ಓದಿ ಹೇಳ್ತೀಯಾ?" ಅವತ್ತೇ ಪುಸ್ತಕ ಮನೆಗೆ ಒಯ್ದ, ತಯಾರಿ ಮಾಡಬೇಕು ಎಂದು. ಈಗ ಮೊಲದ ಪುಸ್ತಕ ಹಿಡಿದರೂ ಅವಮಾನವಿಲ್ಲ, ಅವನು ಮೇಷ್ಟ್ರು. ಚಿಕ್ಕ ಮಕ್ಕಳು "ಅಣ್ಣಾ, ಇನ್ನೊಂದ್ಸಲ" ಎಂದು ಅಂಗಿ ಹಿಡಿದು ಎಳೆದಾಗ ಅವನ ಮುಖ ನೋಡಬೇಕಿತ್ತು. ಆ ವರ್ಷ ಅವನು ಇಪ್ಪತ್ತಾರು ಪುಸ್ತಕ ಓದಿದ, ಎಲ್ಲವನ್ನೂ ಬೇರೆಯವರಿಗಾಗಿ.

ಆದ್ದರಿಂದ ಪಟ್ಟಿ ಮಾಡುವಾಗ ಅವನಿಗೂ ಒಂದು ಪಾಲು ಇಡಿ. ಅಕ್ಷರ ಸುಲಭ, ವಿಷಯ ದೊಡ್ಡದು: ಹಾವು, ಕ್ರಿಕೆಟ್ಟು, ಎಂಜಿನ್ನು, ಬಾಹ್ಯಾಕಾಶ. ಚಿತ್ರಕಥೆ ಎಂದರೆ ಮೂಗು ಮುರಿಯಬೇಡಿ. ಅಮರ ಚಿತ್ರ ಕಥೆಯ ಬಲೂನಿನ ಮಾತು ಓದಿಕೊಂಡೇ ದಪ್ಪ ಪುಸ್ತಕಕ್ಕೆ ದಾಟಿದವರು ಬೇಕಾದಷ್ಟು ಜನ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ' ಮಾಸಪತ್ರಿಕೆಗೆ ಚಂದಾ ಕಟ್ಟಿ. ಕಥೆ ಅಂದರೆ ಆಗದ, ಆದರೆ "ಅದು ಹೇಗೆ ನಡೀತದೆ?" ಎಂದು ಕೇಳುತ್ತಲೇ ಇರುವ ಮಕ್ಕಳು ಪ್ರತಿ ತರಗತಿಯಲ್ಲೂ ಇದ್ದಾರೆ. ನಾವು ಅವರನ್ನು ಓದದ ಮಕ್ಕಳು ಎಂದು ಬರೆದುಬಿಡುತ್ತೇವೆ. ಅವರು ಓದುತ್ತಾರೆ, ಕಥೆ ಓದುವುದಿಲ್ಲ, ಅಷ್ಟೇ.

ಏಳನೇ ತರಗತಿಯಲ್ಲೇ ಇನ್ನೊಂದು ತುದಿಯವರೂ ಇರುತ್ತಾರೆ, ಎಲ್ಲವನ್ನೂ ಓದಿ ಮುಗಿಸಿ "ಇನ್ನೇನಿದೆ ಮಿಸ್?" ಎನ್ನುವವರು. ಅವರಿಗೆ ಪೂರ್ಣಚಂದ್ರ ತೇಜಸ್ವಿ ಅವರ 'ಪರಿಸರದ ಕತೆ' ಕೊಟ್ಟು ದೂರ ಸರಿದು ನಿಲ್ಲಿ. ಅದರಲ್ಲಿ ಬರುವ ಕಿವಿ ಎಂಬ ನಾಯಿ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಆಮೇಲೆ 'ಕರ್ವಾಲೊ'. ಜಪಾನಿನ ತೆತ್ಸುಕೊ ಕುರೊಯನಾಗಿ ತಾನು ಓದಿದ ಶಾಲೆಯ ಬಗ್ಗೆ ಬರೆದ 'ತೊತ್ತೊಚಾನ್' ಕನ್ನಡದಲ್ಲಿದೆ. ರೈಲು ಬೋಗಿಗಳೇ ತರಗತಿಗಳಾದ ಶಾಲೆ ಅದು. ಎರಡು ಪ್ರತಿ ತನ್ನಿ, ಒಂದು ಸ್ಟಾಫ್ ರೂಮಿಗೆ.

ಇಷ್ಟು ಹೇಳಿದ ಮೇಲೂ ನಾನು ಹೇಳಿದ ಪಟ್ಟಿಯನ್ನೇ ಹಿಡಿದು ಅಂಗಡಿಗೆ ಹೋಗಬೇಡಿ. ಮಕ್ಕಳನ್ನು ಕರೆದುಕೊಂಡು ಹೋಗಿ.

ನಿವೃತ್ತಿಗೆ ಎರಡು ವರ್ಷ ಮುಂಚೆ ತಾಲ್ಲೂಕು ಕೇಂದ್ರದಲ್ಲಿ ಪುಸ್ತಕ ಪ್ರದರ್ಶನ ಬಂದಿತ್ತು. ನಾಲ್ಕು ಮಕ್ಕಳನ್ನು ಬಸ್ಸಿನಲ್ಲಿ ಕರೆದೊಯ್ದೆ, ತಲೆಗೆ 200 ರೂಪಾಯಿ ಕೊಟ್ಟು. ಷರತ್ತು ಒಂದೇ: ಶಾಲೆಗೆ ಕೊಳ್ಳಬೇಕು, ನಾನು ಮಾತಾಡುವುದಿಲ್ಲ. ಮಾತಾಡದೆ ಇರುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು. ನನ್ನ ಕಣ್ಣೆದುರೇ ಎಷ್ಟು ಒಳ್ಳೆಯ ಪುಸ್ತಕಗಳನ್ನು ಎತ್ತಿ, ತಿರುವಿ, ಕೆಳಗಿಟ್ಟರು! ಮೂರನೇ ತರಗತಿಯವಳು ಅರ್ಧ ಗಂಟೆ ಸುತ್ತಿ ಒಗಟಿನ ಪುಸ್ತಕ ಹಿಡಿದು ಬಂದಳು. ಐದನೇ ತರಗತಿಯವನದು ದೆವ್ವದ ಕಥೆ. ಆರನೇ ತರಗತಿಯವಳು ಮಡಿಸುವ ಒಂದು ದೊಡ್ಡ ಭೂಪಟ ತಂದಳು. ಅದು ಪುಸ್ತಕವೇ ಅಲ್ಲ ಎಂದು ಹೇಳಲು ಬಾಯಿ ತೆರೆದು ಮುಚ್ಚಿದೆ. ನಾಲ್ಕನೆಯವನು ದುಡ್ಡು ಮಿಗಿಸಿ ಕಡಲೆಪುರಿ ತಿಂದ. ಊರಿಗೆ ಬರುವ ಬಸ್ಸಿನಲ್ಲಿ ಆ ಒಗಟಿನ ಪುಸ್ತಕದಿಂದ ಕಂಡಕ್ಟರಿಗೂ ಪ್ರಶ್ನೆ ಬಿತ್ತು. ಆ ವರ್ಷ ಶಾಲೆಯಲ್ಲಿ ಅತಿ ಹೆಚ್ಚು ಕೈ ಬದಲಿಸಿದ್ದು ಅದೇ ಪುಸ್ತಕ, ಎರಡನೆಯದು ಭೂಪಟ. ನಾನು ಆರಿಸಿ ತಂದಿದ್ದವು ಐದನೇ ಜಾಗದಿಂದ ಕೆಳಗೆ.

ಕರೆದೊಯ್ಯಲು ಆಗದಿದ್ದರೆ ಮಕ್ಕಳ ಎದುರೇ ಪರೀಕ್ಷಿಸಿ. ಪುಸ್ತಕದ ನಡುವಿನ ಒಂದು ಪುಟ ತೆರೆದು ಓದಲು ಹೇಳಿ. ಗೊತ್ತಿಲ್ಲದ ಪದ ಬಂದಾಗಲೆಲ್ಲ ಒಂದು ಬೆರಳು ಮಡಿಸಲಿ. ಪುಟ ಮುಗಿಯುವ ಮೊದಲೇ ಐದೂ ಬೆರಳು ಮಡಿಚಿದರೆ ಈ ಪುಸ್ತಕ ಈ ವರ್ಷಕ್ಕಲ್ಲ. ಒಂದೂ ಮಡಿಚದಿದ್ದರೂ ಪರವಾಗಿಲ್ಲ, ಕೊಡಿ. ಸುಲಭದ ಪುಸ್ತಕ ಓದಿ ಯಾರೂ ಕೆಟ್ಟಿಲ್ಲ. ಅರ್ಧಕ್ಕೆ ಬಿಟ್ಟರೆ ಬೈಯಬೇಡಿ. ನೀವೂ ಮನೆಯಲ್ಲಿ ಎಷ್ಟು ಪುಸ್ತಕ ಅರ್ಧಕ್ಕೆ ಬಿಟ್ಟಿದ್ದೀರಿ ಎಂದು ನನಗೆ ಗೊತ್ತು.

ದುಡ್ಡಿನ ವಿಚಾರಕ್ಕೆ ಬರುತ್ತೇನೆ. 50,000ವನ್ನು ಒಂದೇ ದಿನ ಖರ್ಚು ಮಾಡಬೇಡಿ. ಸಮಾರಂಭ, ಶಾಲು, ಫೋಟೋ ಎಲ್ಲ ಒಂದೇ ದಿನ ಮುಗಿಯಲಿ, ಪುಸ್ತಕ ಮಾತ್ರ ಮೂರು ಕಂತಿನಲ್ಲಿ ಬರಲಿ: ಜೂನ್‌ನಲ್ಲಿ ಒಂದು, ರಾಜ್ಯೋತ್ಸವದ ತಿಂಗಳಲ್ಲಿ ರಿಯಾಯಿತಿ ಇರುವಾಗ ಒಂದು, ಮುಂದಿನ ವರ್ಷಕ್ಕೆ ಒಂದು. ಮೊದಲ ಕಂತಿನಲ್ಲಿ ಏನು ಓದಿದರು, ಏನು ಬಿಟ್ಟರು ಎಂದು ನೋಡಿಕೊಂಡು ಎರಡನೆಯದು. "ಮಿಸ್, ಹೊಸ ಪುಸ್ತಕ ಬಂತಾ?" ಎಂದು ಮಕ್ಕಳು ಕಾಯುವ ಹಾಗಾದರೆ, ನೀವು ಕಳೆದುಕೊಂಡೆವು ಎನ್ನುವ ಚಂದಮಾಮ ವಾಪಸು ಬಂದ ಹಾಗೆಯೇ. ಬೈಂಡಿಂಗ್ ಎಳೆದು ನೋಡಿ. ಬರೀ ಗೋಂದು ಹಚ್ಚಿದ್ದು ಮೂವತ್ತು ಕೈ ದಾಟುವಷ್ಟರಲ್ಲಿ ಹಾಳೆ ಹಾಳೆಯಾಗುತ್ತದೆ. ಹೊಲಿದದ್ದೋ, ನಡುವೆ ಪಿನ್ನು ಹೊಡೆದದ್ದೋ ಬಾಳುತ್ತದೆ. ತೂಕದ ಲೆಕ್ಕದಲ್ಲಿ ಸಿಗುವ ಸೆಟ್ಟುಗಳ ಹತ್ತಿರ ಹೋಗಲೇಬೇಡಿ.

ಕೊನೆಯದಾಗಿ ಒಂದು ಕಾಗದ ಬೇಕು. ಇದು ಪುಸ್ತಕಕ್ಕಿಂತ ಮುಖ್ಯ. ನಿಮ್ಮ ಸಂಘದ ಲೆಟರ್‌ಹೆಡ್ಡಿನಲ್ಲಿ ಹೆಡ್ಮಾಸ್ಟರಿಗೆ ಹೀಗೆ ಬರೆದುಕೊಡಿ: 'ಈ ಪುಸ್ತಕಗಳು ಮಕ್ಕಳು ಬಳಸಲು ಕೊಟ್ಟವು. ವರ್ಷಕ್ಕೆ ನೂರಕ್ಕೆ ಹತ್ತರಂತೆ ಹರಿದರೂ ಕಳೆದರೂ ಸಂಘದ ಆಕ್ಷೇಪಣೆ ಇಲ್ಲ. ಅದಕ್ಕಾಗಿ ಯಾವ ಶಿಕ್ಷಕರನ್ನೂ ಹೊಣೆ ಮಾಡಬಾರದೆಂದು ಕೋರಿಕೆ. ಅಷ್ಟನ್ನು ನಾವು ಮತ್ತೆ ತುಂಬಿಕೊಡುತ್ತೇವೆ.' ಸರ್ಕಾರದ ರಿಜಿಸ್ಟರಿಗೆ ಇದು ಎಷ್ಟರಮಟ್ಟಿಗೆ ಒಪ್ಪಿಗೆಯೋ, ಅದನ್ನು ಹೆಡ್ಮಾಸ್ಟರು ನೋಡಿಕೊಳ್ಳುತ್ತಾರೆ. ಆದರೆ 1997ರಲ್ಲಿ ಇಂಥ ಒಂದು ಕಾಗದ ನನ್ನ ಕೈಯಲ್ಲಿದ್ದಿದ್ದರೆ ನಾನು ಆ ಬೀಗ ಹಾಕುತ್ತಿರಲಿಲ್ಲ.

ಇಂತಿ,
ನಿಮ್ಮ ಹಳೆಯ ಟೀಚರ್

ತಾ.ಕ.: ಈ ಕಾಗದ ಬರೆಯುತ್ತಿರುವಾಗ ಬೋಳುತಲೆಯವನು ಫೋನ್ ಮಾಡಿದ್ದ. ಬೀರು ಕೈಬಿಟ್ಟರಂತೆ. ಮನೆಯ ಅಟ್ಟ ಹುಡುಕುವಾಗ ಅನುಪಮಾ ನಿರಂಜನ ಅವರ 'ದಿನಕ್ಕೊಂದು ಕಥೆ'ಯ ಒಂದು ಸಂಪುಟ ಸಿಕ್ಕಿತಂತೆ, ಒಳಗೆ ನಮ್ಮ ಶಾಲೆಯ ಮೊಹರು, 1996ರ ತಾರೀಖು. ತಂದುಕೊಡಲೇ ಎಂದು ಕೇಳಿದ. ಅವನ ಮಗ ಈಗ ಅದನ್ನು ಓದುತ್ತಿದ್ದಾನಂತೆ, ಅರ್ಧಕ್ಕೆ ಬಂದಿದ್ದಾನಂತೆ. ಮುಗಿಸಲಿ ಅಂದೆ. ಏಳರಲ್ಲಿ ಒಂದು ಸಿಕ್ಕಿತು.